ರೋಸೆಟ್ಟಿನ ಬೆನ್ನಿಗೆ ಪೆನ್ಸಿಲ್ ಹಚ್ಚಿ

ನಾಯಿಗಳ ಶೋಗಳಲ್ಲಿ ಗೆದ್ದ ರೋಸೆಟ್‌ಗಳನ್ನು, ಅಂದರೆ ರಿಬ್ಬನ್ನಿನ ಬಹುಮಾನದ ಹೂಗಳನ್ನು, ಗೋಡೆ ತುಂಬ ಜಡಿದಿರುವ ಮನೆಗೆ ಹೋದಾಗ ಯಾವುದಾದರೂ ಒಂದರತ್ತ ಬೆರಳು ಮಾಡಿ, 'ಇದು ಯಾವ ನಾಯಿಗೆ ಬಂದದ್ದು?' ಎಂದು ಕೇಳಿ ನೋಡಿ. ಮನೆಯವರು ಕತ್ತು ಓರೆ ಮಾಡಿ ದಿಟ್ಟಿಸುತ್ತಾರೆ. 'ಸೀಸರ್‌ದಿರಬೇಕು. ತಡೀರಿ, ಅಲ್ಲ, ಅವನ ತಾಯೀದು.' ಅಷ್ಟರಲ್ಲಿ ಅಡುಗೆಮನೆಯಿಂದ ಮೂರನೆಯ ನಾಯಿಯ ಹೆಸರು ಕೇಳಿಬರುತ್ತದೆ.

ಮರೆವಿನ ಮೇಲೇ ಪೂರ್ತಿ ಹೊರಿಸುವಂತಿಲ್ಲ. ರಿಬ್ಬನ್ ತಯಾರಾಗುವ ರೀತಿಯೇ ಹಾಗಿದೆ. ಅಮೆರಿಕನ್ ಕೆನೆಲ್ ಕ್ಲಬ್ಬಿನ ನಿಯಮ ನೋಡಿ: ರಿಬ್ಬನ್ ಕನಿಷ್ಠ 2 ಇಂಚು ಅಗಲ, ಸುಮಾರು 8 ಇಂಚು ಉದ್ದ ಇರಬೇಕು, ಕೆನೆಲ್ ಕ್ಲಬ್ಬಿನ ಮುದ್ರೆ, ಬಹುಮಾನದ ಹೆಸರು, ಶೋ ನಡೆಸಿದ ಕ್ಲಬ್ಬಿನ ಹೆಸರು, ಇಸವಿ ಇರಬೇಕು. ತಾರೀಕು, ಊರು ಬೇಕಾದರೆ ಹಾಕಿಕೊಳ್ಳಬಹುದು. ನಾಯಿಯ ಹೆಸರಿನ ಮಾತೇ ಇಲ್ಲ, ಇರಲು ಸಾಧ್ಯವೂ ಇಲ್ಲ. ಶೋಗೆ ಮುಂಚೆಯೇ ಅಚ್ಚಾಗಿ ಬಂದು ಮೇಜಿನ ಮೇಲೆ ಕೂತ ರಿಬ್ಬನ್ನಿಗೆ ತನ್ನನ್ನು ಗೆಲ್ಲುವವರು ಯಾರೆಂದು ಹೇಗೆ ಗೊತ್ತಾಗಬೇಕು?

ಬಣ್ಣ ನೋಡಿ ಹೇಳುತ್ತೇನೆ ಎಂಬ ಧೈರ್ಯವೂ ಬೇಡ. ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ನೀಲಿ, ಎರಡನೆಯದಕ್ಕೆ ಕೆಂಪು. ಬ್ರಿಟನ್ನಿನಲ್ಲಿ ಮೊದಲನೆಯದು ಕೆಂಪು, ಎರಡನೆಯದು ನೀಲಿ. ಎರಡೂ ದೇಶಗಳಲ್ಲಿ ನಾಯಿಯನ್ನು ಶೋಗೆ ಇಳಿಸಿದವರ ಪೆಟ್ಟಿಗೆಯಲ್ಲಿ, ಅಕ್ಷರವಿರುವ ರಿಬ್ಬನ್ ಬಾಲ ಕಳಚಿದ ಹಳೆಯ ರೋಸೆಟ್ ಸಿಕ್ಕಿತೆನ್ನಿ, ಅದು ಗೆಲುವೋ ಸೋಲೋ ಎಂದು ಬಣ್ಣವೊಂದೇ ಹೇಳದು.

ಆದ್ದರಿಂದ ಫ್ರೇಮು, ಗಾಜಿನ ಪೆಟ್ಟಿಗೆಗಳ ಯೋಚನೆ ಆಮೇಲಿರಲಿ. ಶೋ ಮುಗಿದ ರಾತ್ರಿಯೇ ರೋಸೆಟ್ಟಿನ ಬೆನ್ನಲ್ಲಿರುವ ರಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಿರಿ. ಬಾಲ್‌ಪೆನ್ ಬೇಡ, ಶಾಯಿ ವರ್ಷಗಳು ಕಳೆದಂತೆ ಹರಡುತ್ತದೆ. ನಾಯಿಯ ನೋಂದಣಿ ಹೆಸರು, ಮನೆಯಲ್ಲಿ ಕರೆಯುವ ಹೆಸರು, ತಾರೀಕು, ಊರು, ಸ್ಪರ್ಧಿಸಿದ ಕ್ಲಾಸು (ವಿಭಾಗ), ಜಡ್ಜ್ ಯಾರು. ತಳಿಯ ಹೆಸರನ್ನೂ ಬಿಡಬೇಡಿ, ಮುಧೋಳ ನಾಯಿ ಸಾಕಿದವರಂತೂ ಖಂಡಿತ ಬಿಡಬೇಡಿ. ಕೆನೆಲ್ ಕ್ಲಬ್ ಆಫ್ ಇಂಡಿಯಾದ ಲೆಕ್ಕದಲ್ಲಿ ಅದು 'ಕ್ಯಾರವಾನ್ ಹೌಂಡ್'. ಬಾಗಲಕೋಟೆಯ ಮಣ್ಣಿನ ಹೆಸರು ಹೊತ್ತ ನಾಯಿ ಆ ಕ್ಲಬ್ಬಿನ ಕಾಗದದ ಮೇಲೆ ಬೇರೆಯೇ ಹೆಸರಲ್ಲಿ ಗೆಲ್ಲುತ್ತದೆ. ಮುಂದೊಂದು ದಿನ ನಿಮ್ಮ ಮೊಮ್ಮಗ ಇವೆರಡೂ ಒಂದೇ ಎಂದು ಊಹಿಸಿಕೊಳ್ಳಲಿ ಎಂದು ಬಿಡುವುದು ನ್ಯಾಯವಲ್ಲ.

ಇನ್ನೂ ಒಂದು ಸಂಖ್ಯೆ ಬರೆಯಬೇಕು. ಯಾರೂ ಬರೆಯದ ಸಂಖ್ಯೆ: ಆ ದಿನ ಆ ಕ್ಲಾಸಿನಲ್ಲಿ ನಿಂತ ನಾಯಿಗಳೆಷ್ಟು? ರಿಂಗಿನಲ್ಲಿ ಒಂದೇ ನಾಯಿ ಇದ್ದರೂ ಅದಕ್ಕೆ ಮೊದಲ ಬಹುಮಾನ ಬರಬಹುದು. ಇಪ್ಪತ್ತು ನಾಯಿಗಳ ಸಾಲಿನಲ್ಲಿ ಮೂರನೆಯದಾಗಿ ನಿಂತದ್ದರ ರಿಬ್ಬನ್ ಅದಕ್ಕಿಂತ ಪುಟ್ಟದಿರಬಹುದು, ಬಣ್ಣವೂ ಮಂಕಾಗಿರಬಹುದು. ಗೋಡೆಗೆ ಏರಬೇಕಾದದ್ದು ಈ ಮೂರನೆಯದೇ ಎಂಬುದು ನನ್ನ ಹಟ. ಶೋ ಕ್ಯಾಟಲಾಗಿನಲ್ಲಿ ನಿಮ್ಮ ತಳಿಯ ಪುಟವನ್ನು ಕತ್ತರಿಸಿ ಜೊತೆಗಿಟ್ಟರೆ ವಾದಕ್ಕೆ ಆಧಾರವೂ ಸಿಗುತ್ತದೆ.

ಹಾಗೆ ನೋಡಿದರೆ ಬ್ರಿಟಿಷರ ಅತ್ಯಮೂಲ್ಯ ಗೆಲುವು ರಿಬ್ಬನ್ನೇ ಅಲ್ಲ. ಅಲ್ಲಿಯವರು 'ಟಿಕೆಟ್' ಎಂದು ಕರೆಯುವ ಚಾಲೆಂಜ್ ಸರ್ಟಿಫಿಕೇಟ್ ಬರೀ ಕಾಗದ. ಮೂವರು ಬೇರೆ ಬೇರೆ ಜಡ್ಜ್‌ಗಳಿಂದ ಅಂಥ ಮೂರು ಬಂದು, ಅವುಗಳಲ್ಲಿ ಒಂದಾದರೂ ನಾಯಿಗೆ ವರ್ಷ ತುಂಬಿದ ಮೇಲಿನದಾಗಿದ್ದರೆ ಅದು ಚಾಂಪಿಯನ್. ಪಕ್ಕದಲ್ಲಿ ಎಲೆಕೋಸಿನ ಗಾತ್ರದ ರೋಸೆಟ್ ನೇತಾಡುತ್ತಿದ್ದರೆ ಈ ಕಾಗದದ ಕಡೆ ಯಾರ ಕಣ್ಣೂ ಹೋಗದು. ಫ್ರೇಮಿಗೆ ದುಡ್ಡು ಹಾಕುವುದಾದರೆ ಕಾಗದಕ್ಕೆ ಹಾಕಿ.

ಇನ್ನು ಬೆಳಕು. ಬಟ್ಟೆ ಜೋಪಾನ ಮಾಡುವ ಮ್ಯೂಸಿಯಮ್ಮುಗಳು ಸುಮಾರು 50 ಲಕ್ಸ್ ಬೆಳಕಿಗೆ ಮಿತಿ ಹಾಕಿಕೊಳ್ಳುತ್ತವೆ. ನಮ್ಮ ಮನೆಗಳ ಕಿಟಕಿ ಪಕ್ಕ ಹಗಲು ಹೊತ್ತು ಸಾವಿರಾರು ಲಕ್ಸ್ ಇರುತ್ತದೆ. ಬೆಳಕಿನ ಪೆಟ್ಟು ಕೂಡುತ್ತಲೇ ಹೋಗುತ್ತದೆ, ಕತ್ತಲಲ್ಲಿಟ್ಟರೆ ವಾಸಿಯಾಗುವುದಿಲ್ಲ. ಐದಾರು ರೋಸೆಟ್ಟುಗಳನ್ನು ಮಾತ್ರ ಹೊರಗಿಟ್ಟು, ಉಳಿದವನ್ನು ಒಳಗಿಟ್ಟು, ಹಬ್ಬಕ್ಕೊಮ್ಮೆ ಬದಲಾಯಿಸುತ್ತಿರುವುದೇ ಸರಿಯಾದ ದಾರಿ. ಜಾಗ ಬಿಸಿಲು ಬೀಳದ ಒಳಗೋಡೆ. ಅಡುಗೆಮನೆಗೆ ಒತ್ತಿದ ಗೋಡೆ ಬೇಡ.

ಅಡುಗೆಮನೆಯ ಮಾತು ಬಂತಲ್ಲ, ಅದಕ್ಕೂ ಕಾರಣವಿದೆ. ಹಳೆಯ ಸ್ಯಾಟಿನ್ ರಿಬ್ಬನ್ನುಗಳಲ್ಲಿ ಅಸಿಟೇಟ್ ನೂಲಿನವು ಬಹಳ. ಅದಕ್ಕೆ ಹಾಕುತ್ತಿದ್ದ ಕೆಲವು ನೀಲಿ ಬಣ್ಣಗಳು ಗ್ಯಾಸ್ ಒಲೆ ಮತ್ತು ವಾಹನದ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳು ತಾಗಿದರೆ ಕೆಂಪಿನತ್ತ ತಿರುಗುತ್ತವೆ, ಅದೂ ಕತ್ತಲಲ್ಲೇ. ಅಮೆರಿಕದ ಮೊದಲ ಬಹುಮಾನ ಪೆಟ್ಟಿಗೆಯೊಳಗೇ ಕುಳಿತು ಎರಡನೆಯದಾಗಿಬಿಡುವ ವಿಚಿತ್ರ ಇದು. ನಿಮ್ಮದು ಯಾವ ನೂಲೆಂದು ತಿಳಿಯಬೇಕೇ? ಬಾಲದ ತುದಿಯಿಂದ ಒಂದೆಳೆ ಕಿತ್ತು ಅಸಿಟೋನ್ ಇರುವ ನೇಲ್‌ಪಾಲಿಶ್ ರಿಮೂವರಿನಲ್ಲಿ ಅದ್ದಿ. ಕರಗಿದರೆ ಅಸಿಟೇಟ್. ಈಗ ಸಾಮಾನ್ಯವಾದ ಪಾಲಿಯೆಸ್ಟರ್ ಕರಗದು.

ಒಳಗಿಡುವುದಕ್ಕೆ ಹೊಸದೇನೂ ಕಲಿಯಬೇಕಿಲ್ಲ, ಅಜ್ಜಿ ರೇಷ್ಮೆ ಸೀರೆ ಇಡುತ್ತಿದ್ದ ಕ್ರಮವೇ ಸಾಕು: ತೊಳೆದು ಗಂಜಿ ಬಿಡಿಸಿದ ಹಳೆಯ ಹತ್ತಿ ಪಂಚೆ, ಆಗಾಗ ಗಾಳಿಗೆ ಹರವುವುದು. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದಿಟ್ಟರೆ ಮಳೆಗಾಲದಲ್ಲಿ ಒಳಗಿನ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಗಾಳಿಯ ತೇವ ಶೇಕಡಾ 65 ದಾಟಿತೆಂದರೆ ಬೂಷ್ಟಿಗೆ ಸುಗ್ಗಿ. ಕರಾವಳಿ, ಮಲೆನಾಡಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಒಂದಿಷ್ಟು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆದರೆ ನುಸಿಗುಳಿಗೆ ಬೇಡ. ಅದರ ಆವಿಗೆ ಕೆಲವು ಜಾತಿಯ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ರೋಸೆಟ್ಟಿನ ನಡುವಿನ ಗುಂಡಿ ಪ್ಲಾಸ್ಟಿಕ್ಕಿನದಾಗಿದ್ದರೆ ಹಾಳು. ಬೆನ್ನಿನ ಪಿನ್ನು ತುಕ್ಕು ಹಿಡಿಯುವ ಮೊದಲೇ ತೆಗೆದುಬಿಡಿ. ಚಿನ್ನದಕ್ಷರದ ಬಾಲಗಳು ಒಂದಕ್ಕೊಂದು ಅಂಟದಂತೆ ನಡುವೆ ಆಮ್ಲರಹಿತ ಕಾಗದ ಇಡಿ. ಮುದುಡಿದ್ದರೆ ಇಸ್ತ್ರಿ ಪೆಟ್ಟಿಗೆ ಮುಟ್ಟಬೇಡಿ, ಅಕ್ಷರವೇ ಎದ್ದು ಬರುತ್ತದೆ. ಮೇಲೆ ಕಾಗದ ಹಾಕಿ ದಪ್ಪ ಪುಸ್ತಕ ಹೇರಿಟ್ಟರಾಯಿತು.

ಇಷ್ಟಾದ ಮೇಲೂ ಉಳಿಯುವ ರಾಶಿಯಿದೆಯಲ್ಲ, ಒಂಟಿ ನಾಯಿಯ ಕ್ಲಾಸಿನ ಗೆಲುವುಗಳು, ಒಂದೇ ಥರದ ಹತ್ತಾರು ಮೂರನೇ ಸ್ಥಾನಗಳು, ಅವಕ್ಕೆ ಅಮೆರಿಕದ ಮಂದಿ ಒಳ್ಳೆಯ ಉಪಾಯ ಕಂಡುಕೊಂಡಿದ್ದಾರೆ: ಪಟ್ಟಿಗಳನ್ನು ಜೋಡಿಸಿ ಕ್ವಿಲ್ಟ್ ಹೊಲಿಸುತ್ತಾರೆ. ಕೌದಿ ಹೊಲಿಯುವ ಕೈಗಳು ಉತ್ತರ ಕರ್ನಾಟಕದಲ್ಲಿ ಇನ್ನೂ ಇವೆ, ನಾವೂ ಮಾಡಿಸಬಹುದು. ಕತ್ತರಿ ಹಾಕುವ ಮೊದಲು ಪ್ರತಿ ರೋಸೆಟ್ಟಿನ ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ. ಗುಂಡಿಯ ಮೇಲೆ ಕ್ಲಬ್ಬಿನ ಹೆಸರಿದ್ದರೆ ಬಿಚ್ಚಿ ಬೇರೆ ಇಡಿ. ಹೊಲಿಯುವುದಕ್ಕೆ ಮುಂಚೆ ಪ್ರತಿ ಬಣ್ಣದ ತುಣುಕೊಂದನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡಿ. ಅಗ್ಗದ ಕೆಂಪು ರಿಬ್ಬನ್ ಬಣ್ಣ ಬಿಟ್ಟೀತು, ಪಕ್ಕದ ಬಿಳಿ ಪಟ್ಟಿ ಗುಲಾಬಿಯಾದೀತು.