ಪಹಣಿಯ ಕೆಳಗಿನ ಎರಡು ಸಾಲು

ಮೌಂಟ್ ರಾಸ್ಕಿಲ್‌ನ ಮನೆಯಲ್ಲಿ ಕೂತು ಊರಿನ ಗದ್ದೆಯ ಪಹಣಿ ನೋಡಬಹುದು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಗೊತ್ತಿದ್ದರೆ ಸಾಕು. ಕರ್ನಾಟಕದ ‘ಭೂಮಿ’ ಯೋಜನೆಯ ಈ ಉಪಕಾರವನ್ನು ನಾನು ಹಗುರವಾಗಿ ಕಾಣಲಾರೆ. ಸುಮಾರು 2 ಕೋಟಿ ಕೈಬರಹದ ಪಹಣಿಗಳು ಕಂಪ್ಯೂಟರು ಸೇರಿ, ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಸಿಗತೊಡಗಿದ ಮೇಲೆ, ಆ ಒಂದು ಹಾಳೆಗಾಗಿ ಗ್ರಾಮಲೆಕ್ಕಿಗರ ಹಿಂದೆ ಅಲೆಯುವುದು ತಪ್ಪಿತು.

ಆದರೆ ಹಾಳೆಯ ಭಾಷೆ ಹಳೆಯದೇ. ‘ಖರಾಬು’ ಎಂದರೆ ಸಾಗುವಳಿಗೆ ಬಾರದ ಜಾಗವೆಂದು ಆಕ್ಲೆಂಡಿನಲ್ಲಿ ಹುಟ್ಟಿದ ಮಕ್ಕಳಿಗೆ ಹೇಳುವವರಾರು? (ಬೆಂಗಳೂರಿನ ಮಕ್ಕಳಿಗೂ ಯಾರು ಹೇಳುತ್ತಾರೋ!) ಸರ್ಕಾರಿ ಬರವಣಿಗೆ ಸರಳವಾಗಿರಬೇಕೆಂದು ನ್ಯೂಜಿಲೆಂಡ್ 2022ರಲ್ಲಿ ಕಾಯ್ದೆಯನ್ನೇ ಮಾಡಿತ್ತು.

ನನಗೆ ಅದಕ್ಕಿಂತ ಹೆಚ್ಚು ಮೆಚ್ಚಿಕೆಯಾಗುವುದು ನಮ್ಮದೇ ‘ಸಕಾಲ’. 2011ರ ಆ ಕಾಯ್ದೆಯಲ್ಲಿ ಅರ್ಜಿಗೊಂದು ಸಂಖ್ಯೆ, ಕೆಲಸಕ್ಕೊಂದು ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವಿದೆ. ಮೊತ್ತ ಚಿಲ್ಲರೆಯೇ, ಆದರೂ ಸರ್ಕಾರ ಪ್ರಜೆಗೆ ಬಾಕಿದಾರನೆಂದು ಅದು ಒಪ್ಪಿಕೊಳ್ಳುತ್ತದೆ. ಪಹಣಿಯಲ್ಲಿ ಅಜ್ಜನ ಹೆಸರು ತಪ್ಪಾಗಿದ್ದರೆ ಯಾರನ್ನು ಕೇಳಬೇಕು, ಎಷ್ಟು ದಿನದಲ್ಲಿ ತಿದ್ದಿಕೊಡುತ್ತಾರೆ ಎಂಬ ಎರಡು ಸಾಲು ಆ ಹಾಳೆಯ ಕೆಳಗೇ ಇರಬೇಕಿತ್ತು.