ಲೆಕ್ಕ ಗಟ್ಟಿ, ದತ್ತಾಂಶ ಕಿರಿದು

ಅಲ್ಜೈಮರ್ ಕಾಯಿಲೆಯ ಜೀನ್ ಸುಳಿವುಗಳನ್ನು ಕಂಪ್ಯೂಟರ್ ಲೆಕ್ಕಾಚಾರದಿಂದ ಹುಡುಕುವ ಕೆಲಸದಲ್ಲಿ 2022ರ ಒಂದು ಅಧ್ಯಯನಕ್ಕೆ ದೊಡ್ಡ ಸ್ಥಾನವಿದೆ. ಫ್ರಾನ್ಸಿನ ಲೀಲ್ ನಗರದ ಜಾನ್-ಶಾರ್ಲ್ ಲಾಂಬೇರ್ ನೇತೃತ್ವದಲ್ಲಿ ನಡೆದ ಇದು 'ನೇಚರ್ ಜೆನೆಟಿಕ್ಸ್'ನಲ್ಲಿ ಪ್ರಕಟವಾಯಿತು. 1,11,326 ಪ್ರಕರಣಗಳನ್ನು 6,77,663 ಇತರರ ಜತೆ ಹೋಲಿಸಿ, ಕಾಯಿಲೆಯ ಅಪಾಯದೊಂದಿಗೆ ನಂಟಿರುವ ಡಿಎನ್‌ಎಯ 75 ತಾಣಗಳನ್ನು ಗುರುತಿಸಿತು. ಅವುಗಳಲ್ಲಿ 42 ಹೊಸವು.

ಈ ವಿಧಾನದ ಶಿಸ್ತನ್ನು ಮೆಚ್ಚಲೇಬೇಕು. ಡಿಎನ್‌ಎಯ ಲಕ್ಷಾಂತರ ಅಕ್ಷರಗಳನ್ನು ಒಂದೊಂದಾಗಿ ಪರೀಕ್ಷಿಸುವಾಗ ಆಕಸ್ಮಿಕವಾಗಿಯೇ ಸಾವಿರಾರು ಸುಳ್ಳು ಸುಳಿವುಗಳು ತಲೆಯೆತ್ತುತ್ತವೆ. ಆದ್ದರಿಂದ ಆಕಸ್ಮಿಕದ ಸಾಧ್ಯತೆ 10 ಕೋಟಿಗೆ 5ಕ್ಕಿಂತ ಕಡಿಮೆಯಿದ್ದರೆ ಮಾತ್ರ ತಾಣವನ್ನು ಒಪ್ಪುವುದು ರೂಢಿ. ತಾಣ ಸಿಕ್ಕ ಮಾತ್ರಕ್ಕೆ ಜೀನ್ ಸಿಕ್ಕಂತಾಗುವುದಿಲ್ಲ ಎಂಬ ಎಚ್ಚರವೂ ಈ ತಂಡಕ್ಕಿತ್ತು. ಹಲವು ಬಗೆಯ ಸಾಕ್ಷ್ಯಗಳನ್ನು ತೂಗಿ, ಹೊಸ ತಾಣಗಳಲ್ಲಿ 31 ಜೀನ್‌ಗಳನ್ನು ಮುಂದಿಟ್ಟಿತು. ಮೆದುಳಿನ ರಕ್ಷಕ ಕೋಶಗಳಾದ ಮೈಕ್ರೋಗ್ಲಿಯಾಗಳ ಪಾತ್ರ ಇದರಿಂದ ಇನ್ನಷ್ಟು ಖಚಿತವಾಯಿತು.

ಕೊರತೆ ಇರುವುದು ಲೆಕ್ಕಕ್ಕೆ ಒದಗಿದ ದತ್ತಾಂಶದಲ್ಲಿ. ಪ್ರಕರಣಗಳೆಂದು ಎಣಿಸಿದವರಲ್ಲಿ 46,828 ಮಂದಿಗೆ ವೈದ್ಯರು ಅಲ್ಜೈಮರ್ ಎಂದು ಹೇಳಿಯೇ ಇರಲಿಲ್ಲ. ತಂದೆಗೋ ತಾಯಿಗೋ ಮರೆವಿನ ಕಾಯಿಲೆ ಇತ್ತು ಎಂದು ಅವರು ಬ್ರಿಟನ್ನಿನ ಆರೋಗ್ಯ ದತ್ತಾಂಶ ಭಂಡಾರವಾದ ಯುಕೆ ಬಯೋಬ್ಯಾಂಕ್‌ಗೆ ತಿಳಿಸಿದ್ದರು, ಅಷ್ಟೆ. ಹೆತ್ತವರ ಮರೆವಿಗೆ ಮೆದುಳಿನ ರಕ್ತನಾಳಗಳ ತೊಂದರೆಯೂ ಕಾರಣವಾಗಿರಬಹುದು. ಸಂಖ್ಯೆ ಹಿಗ್ಗಿದಷ್ಟೂ ರೋಗನಿರ್ಣಯ ಮಸುಕಾಯಿತು.

ಇನ್ನೊಂದು ಮಿತಿ ಇನ್ನೂ ದೊಡ್ಡದು. ಹೊಸ ತಾಣಗಳೆಲ್ಲ ಸಿಕ್ಕಿದ್ದು ಯುರೋಪಿಯನ್ ಮೂಲದವರಲ್ಲಿ. ಅಲ್ಜೈಮರ್ ಅಪಾಯ ಹೆಚ್ಚಿಸುವುದೆಂದು 1993ರಿಂದಲೂ ಪರಿಚಿತವಾದ ಎಪಿಒಇ-4 ಜೀನ್ ರೂಪಾಂತರದ ಪ್ರಭಾವವೇ ಜಪಾನೀಯರಲ್ಲಿ ಹೆಚ್ಚು, ಆಫ್ರಿಕನ್ ಅಮೆರಿಕನ್ನರಲ್ಲಿ ಕಡಿಮೆ. ಹಾಗಿರುವಾಗ ಯುರೋಪಿನ ಅಂಕಿಅಂಶಗಳಿಂದ ಕಟ್ಟಿದ ಅಪಾಯಸೂಚಿಯನ್ನು ನಮ್ಮ ಹಿರಿಯರಿಗೆ ಹಾಗೆಯೇ ಅನ್ವಯಿಸುವುದು ವಿಜ್ಞಾನವಾಗದು.

ಈ ಕೊರತೆ ತುಂಬುವ ಕೆಲಸ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಅಲ್ಲಿನ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದೆ. ಸಂಖ್ಯೆ ಚಿಕ್ಕದಾದರೂ ನೆನಪಿನ ಶಕ್ತಿಯನ್ನು ಇಲ್ಲಿ ನೇರವಾಗಿ ಪರೀಕ್ಷಿಸುತ್ತಾರೆ.

2022ರ ಅಧ್ಯಯನ ಸಂಶೋಧಕರಿಗೆ ಅಮೂಲ್ಯ. ಆದರೆ ಅದನ್ನು ನೆಚ್ಚಿ ಯಾರಾದರೂ ನಿಮ್ಮ ಮುಪ್ಪಿನ ಭವಿಷ್ಯ ಹೇಳುತ್ತೇವೆಂದು ಪರೀಕ್ಷೆ ಮಾರಲು ಬಂದರೆ, ಆ ಅಂಕಿಅಂಶಗಳು ಯಾರ ರಕ್ತದಿಂದ ಬಂದವು ಎಂದು ಮೊದಲು ಕೇಳಿ.