ಅನುಪಲಬ್ಧಿಯ ಮಿತಿ: ೧೯೧೬ರ ನ್ಯೂಜೆರ್ಸಿ ಶಾರ್ಕ್ ಹಾವಳಿಯನ್ನು ಕುರಿತ ಒಂದು ವಿಮರ್ಶೆ

ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಜೆರ್ಸಿ ಕರಾವಳಿಯಲ್ಲಿ ೧೯೧೬ನೆಯ ಇಸವಿ ಜುಲೈ ೧ರಿಂದ ೧೨ರ ವರೆಗಿನ ಅವಧಿಯಲ್ಲಿ ಶಾರ್ಕ್ ಮೀನಿನ ದಾಳಿಗೆ ಸಿಕ್ಕಿ ನಾಲ್ವರು ಮರಣ ಹೊಂದಿದರು. ಐದನೆಯವನಾದ ಒಬ್ಬ ಬಾಲಕನು ತೀವ್ರವಾಗಿ ಗಾಯಗೊಂಡು ಬದುಕಿ ಉಳಿದನು. ಈ ಪ್ರಕರಣವನ್ನು ಜನಸಾಮಾನ್ಯರ ದಿಗಿಲಿನ ಕಥೆಯೆಂದು ನಿರೂಪಿಸುವುದು ವಾಡಿಕೆಯಾಗಿದೆ. ಶಾಸ್ತ್ರಜ್ಞಾನವಿಲ್ಲದ ಜನರು ಹೆದರಿ ಕಂಗೆಟ್ಟರು, ಜ್ಞಾನವು ಬೆಳೆದಂತೆ ಆ ಹೆದರಿಕೆಯು ಹಿಂಜರಿಯಿತು ಎಂಬುದು ಈ ನಿರೂಪಣೆಯ ಸಾರ. ಇದು ಅರ್ಧಸತ್ಯವೆಂದು ನಮಗೆ ತೋರುತ್ತದೆ. ಆ ಜುಲೈ ತಿಂಗಳಿಗೆ ಮೊದಲು ಹೆಚ್ಚು ಅನರ್ಥಕ್ಕೆ ಕಾರಣವಾದ ತಪ್ಪು ನಂಬಿಕೆಯು ಪಂಡಿತರಲ್ಲಿಯೇ ನೆಲೆಸಿದ್ದಿತು. ಅದು ಹೇಗೆ ಬೆಳೆಯಿತೆಂಬುದು ಇತಿಹಾಸದ ವಿದ್ಯಾರ್ಥಿಗಳು ವಿಚಾರಿಸಬೇಕಾದ ವಿಷಯ.

೧೮೯೧ರಲ್ಲಿ ಹರ್ಮನ್ ಓಲ್ರಿಕ್ಸ್ ಎಂಬ ಶ್ರೀಮಂತನು ಒಂದು ಪಂಥವನ್ನು ಒಡ್ಡಿದನು. ಅಮೆರಿಕದ ಪೂರ್ವತೀರದಲ್ಲಿ, ಹ್ಯಾಟರಸ್ ಭೂಶಿರದಿಂದ ಉತ್ತರಕ್ಕಿರುವ ಸಮಶೀತೋಷ್ಣ ಜಲದಲ್ಲಿ, ಜೀವಂತ ಮನುಷ್ಯನ ಮೇಲೆ ಶಾರ್ಕ್ ಎರಗಿದ ಒಂದೇ ಒಂದು ಪ್ರಾಮಾಣಿಕ ನಿದರ್ಶನವನ್ನು ತೋರಿಸಿದವರಿಗೆ ೫೦೦ ಡಾಲರು ಬಹುಮಾನ ಕೊಡುವುದಾಗಿ ಸಾರಿದನು. ಆ ಹಣವನ್ನು ಪಡೆಯಲು ಯಾರೂ ಬರಲಿಲ್ಲ. ವರ್ಷಗಳು ಕಳೆದಂತೆ ಈ ಪಂಥವೇ ಒಂದು ಪ್ರಮಾಣವಾಗಿ ಪರಿಣಮಿಸಿತು. ೧೯೧೫ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಅದನ್ನು ಸ್ಮರಿಸಿ ಶಾರ್ಕ್ ಮೀನಿನ ಪರವಾಗಿ ಸಂಪಾದಕೀಯವನ್ನು ಬರೆಯಿತು. ನ್ಯೂಯಾರ್ಕಿನ ಅಮೆರಿಕನ್ ಪ್ರಕೃತಿವಿಜ್ಞಾನ ವಸ್ತುಸಂಗ್ರಹಾಲಯದ ನಿರ್ದೇಶಕರಾದ ಫ್ರೆಡರಿಕ್ ಲೂಕಸ್ ಅವರಾದರೋ, ವಯಸ್ಕ ಮನುಷ್ಯನ ಕಾಲಿನ ಮೂಳೆಯನ್ನು ತುಂಡರಿಸುವಷ್ಟು ಬಲವು ಶಾರ್ಕಿನ ದವಡೆಗಿಲ್ಲವೆಂಬ ಅಭಿಪ್ರಾಯವನ್ನು ಹೊಂದಿದ್ದರು.

ನಮ್ಮ ಮೀಮಾಂಸಕರಲ್ಲಿ ಭಾಟ್ಟರೂ ವೇದಾಂತಿಗಳಲ್ಲಿ ಅದ್ವೈತಿಗಳೂ ಅನುಪಲಬ್ಧಿಯನ್ನು ಆರನೆಯ ಪ್ರಮಾಣವೆಂದು ಒಪ್ಪಿರುವುದು ವಾಚಕರಿಗೆ ವಿದಿತವೇ ಆಗಿದೆ. ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಅಲ್ಲಿ ಗಡಿಗೆಯಿಲ್ಲವೆಂದು ತಿಳಿಯುತ್ತೇವೆ. ಆದರೆ ಇದಕ್ಕೊಂದು ನಿಯಮವುಂಟು: ವಸ್ತುವು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಯೋಗ್ಯತೆಯಿರಬೇಕು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂಬ ಮಾತಿನಿಂದ ಏನೂ ಸಿದ್ಧವಾಗುವುದಿಲ್ಲ. ಓಲ್ರಿಕ್ಸನ ಪಂಥವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ. ಉತ್ತರದ ಆ ತೀರಗಳಲ್ಲಿ ವಿನೋದಕ್ಕಾಗಿ ಸಮುದ್ರದಲ್ಲಿ ಈಜುವ ರೂಢಿಯು ಬಹುಜನರಲ್ಲಿ ಹಬ್ಬಿ ಹೆಚ್ಚು ಕಾಲವಾಗಿರಲಿಲ್ಲ. ಸಮುದ್ರದಲ್ಲಿ ಕಣ್ಮರೆಯಾದವನ ವಿಷಯದಲ್ಲಿ ಸಾಕ್ಷಿ ನುಡಿಯುವವರೂ ಇರಲಿಲ್ಲ. ನೀರಿಗೆ ಇಳಿಯುವವರೇ ವಿರಳವಾಗಿದ್ದ ಕಾಲದ ನಿದರ್ಶನಶೂನ್ಯತೆಯನ್ನು, ಸಹಸ್ರಾರು ಜನ ನೀರಿಗಿಳಿಯುವ ಕಾಲಕ್ಕೆ ಅನ್ವಯಿಸಿದುದು ಪಂಡಿತರ ಪ್ರಮಾದ. ೧೯೧೬ರ ಬೇಸಗೆಯಲ್ಲಿ ಬಿಸಿಲಿನ ಬೇಗೆಯೂ ಪೋಲಿಯೋ ರೋಗದ ಭೀತಿಯೂ ಸೇರಿ ನಗರವಾಸಿಗಳನ್ನು ಗುಂಪುಗುಂಪಾಗಿ ಕಡಲತೀರಕ್ಕೆ ಅಟ್ಟಿದ್ದುವು.

ಈ ಪ್ರಮಾದಕ್ಕೆ ತೆತ್ತ ಬೆಲೆಯು ಅಲ್ಪವಲ್ಲ. ಜುಲೈ ೧ರಂದು ಬೀಚ್ ಹೇವನ್ನಿನಲ್ಲಿ ಒಬ್ಬ ತರುಣನು ಸತ್ತನು. ಆದರೂ ಈಜು ನಿಲ್ಲಲಿಲ್ಲ. ಜುಲೈ ೬ರಂದು ಅಲ್ಲಿಂದ ಸುಮಾರು ೪೫ ಮೈಲಿ ಉತ್ತರದ ಸ್ಪ್ರಿಂಗ್ ಲೇಕಿನಲ್ಲಿ ಹೋಟೆಲಿನ ನೌಕರನೊಬ್ಬನು ಎರಡೂ ಕಾಲುಗಳನ್ನು ಕಳೆದುಕೊಂಡು ಅಸುನೀಗಿದನು. ಜುಲೈ ೮ರಂದು ಲೂಕಸ್, ಜಾನ್ ನಿಕೊಲ್ಸ್, ರಾಬರ್ಟ್ ಮರ್ಫಿ ಎಂಬ ಮೂವರು ವಿಜ್ಞಾನಿಗಳು ಪತ್ರಕರ್ತರನ್ನು ಕರೆದು, ಮೂರನೆಯ ದಾಳಿಯು ಸಂಭವಿಸುವುದು ಅಸಂಭಾವ್ಯವೆಂದು ಸಮಾಧಾನ ಹೇಳಿದರು. ಮೀನುಗಳ ಶಾಸ್ತ್ರವನ್ನು ಬಲ್ಲ ನಿಕೊಲ್ಸ್ ಅವರು ಮಾತ್ರ ದಡದ ಸಮೀಪದಲ್ಲಿಯೇ ಇರುವಂತೆ ಈಜುಗಾರರನ್ನು ಎಚ್ಚರಿಸಿದರೆಂಬುದನ್ನು ನ್ಯಾಯದೃಷ್ಟಿಯಿಂದ ಇಲ್ಲಿ ಹೇಳಬೇಕು. ನಾಲ್ಕು ದಿನಗಳ ತರುವಾಯ, ಭರತದ ನೀರು ಒಳನಾಡಿಗೆ ಏರಿಬರುವ ಮಟವಾನ್ ಎಂಬ ಹಳ್ಳದಲ್ಲಿ ಶಾರ್ಕನ್ನು ಕಂಡ ಒಬ್ಬ ನಿವೃತ್ತ ಹಡಗಿನ ಕಪ್ತಾನನು ಊರಿಗೆ ಸುದ್ದಿ ಮುಟ್ಟಿಸಿದನು. ಕೇಳಿದವರು ನಕ್ಕರು. ಅದೇ ದಿನ ಒಬ್ಬ ಬಾಲಕನು ಅಲ್ಲಿ ಮುಳುಗಿದನು. ಅವನಿಗೆ ಮೂರ್ಛೆರೋಗ ಬಂದಿರಬೇಕೆಂದು ಹಲವರು ಭಾವಿಸಿದರು. ಅವನನ್ನು ಹುಡುಕಲೆಂದು ಧುಮುಕಿದ ತರುಣನೂ ಪ್ರಾಣವನ್ನು ತೆತ್ತನು. ಕಣ್ಣಾರೆ ಕಂಡವನ ಮಾತಿಗಿಂತ ‘ಹಾಗೆ ಆಗಲಾರದು’ ಎಂಬ ಸಿದ್ಧಾಂತವೇ ಹೆಚ್ಚು ವಿಶ್ವಾಸಾರ್ಹವಾಗಿ ತೋರಿದುದು ಇಲ್ಲಿನ ದುರಂತ.

ಬಳಿಕ ನಡೆದುದು ಇದಕ್ಕೆ ವಿಪರೀತವಾದ ಆದರೆ ಇಷ್ಟೇ ಸಡಿಲವಾದ ತರ್ಕ. ಜನರು ಹಳ್ಳಕ್ಕೆ ಡೈನಮೈಟು ಹಾಕಿದರು. ಕಂಡ ಕಂಡ ಶಾರ್ಕುಗಳನ್ನು ಕೊಂದರು. ಜುಲೈ ೧೪ರಂದು ಮೈಕೆಲ್ ಷ್ಲೈಸರ್ ಎಂಬಾತನು ರ‍್ಯಾರಿಟನ್ ಕೊಲ್ಲಿಯಲ್ಲಿ ಹಿಡಿದ ಸುಮಾರು ಏಳೂವರೆ ಅಡಿ ಉದ್ದದ ಬಿಳಿ ಶಾರ್ಕಿನ ಹೊಟ್ಟೆಯಲ್ಲಿ ಮನುಷ್ಯರದೆಂದು ಗುರುತಿಸಲಾದ ಅವಶೇಷಗಳು ದೊರೆತುವು. ಆಮೇಲೆ ದಾಳಿಗಳು ನಡೆಯದಿದ್ದುದರಿಂದ ಇದೊಂದೇ ಮೀನು ಎಲ್ಲಕ್ಕೂ ಕಾರಣವೆಂಬ ತೀರ್ಮಾನವು ಬೇರೂರಿತು. ಆದರೆ ಸಿಹಿನೀರನ್ನು ಸಹಿಸಿ ನದಿಗಳನ್ನು ಏರಬಲ್ಲುದು ಬುಲ್ ಶಾರ್ಕ್ ಎಂಬ ಬೇರೊಂದು ಜಾತಿ. ಮಟವಾನಿನ ದಾಳಿಗಳು ಅದರವೇ ಎಂಬ ವಾದವು ಇಂದಿಗೂ ಇತ್ಯರ್ಥವಾಗಿಲ್ಲ. ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವುದು ಸುಲಭ, ಸಾಧಿಸುವುದು ಕಷ್ಟ.

ಈ ಕಾಕತಾಳೀಯದಿಂದ ಆಧುನಿಕ ವಿದ್ವಾಂಸರೂ ಪಾರಾಗಿಲ್ಲವೇನೋ. ಕ್ರಿಸ್ಟೊಫರ್ ಏಕನ್ ಮತ್ತು ಲ್ಯಾರಿ ಬಾರ್ಟೆಲ್ಸ್ ಎಂಬ ರಾಜ್ಯಶಾಸ್ತ್ರಜ್ಞರು ೨೦೧೬ರಲ್ಲಿ ಹೊರತಂದ ‘ಡೆಮಾಕ್ರಸಿ ಫಾರ್ ರಿಯಲಿಸ್ಟ್ಸ್’ ಎಂಬ ಗ್ರಂಥದಲ್ಲಿ, ಶಾರ್ಕ್ ಹಾವಳಿಗೆ ಸಿಟ್ಟಾದ ಕರಾವಳಿಯ ಮತದಾರರು ೧೯೧೬ರ ಚುನಾವಣೆಯಲ್ಲಿ ಅಧ್ಯಕ್ಷ ವಿಲ್ಸನ್ನರನ್ನು ದಂಡಿಸಿದರೆಂದೂ, ಅಲ್ಲಿನ ಕೌಂಟಿಗಳಲ್ಲಿ ಅವರಿಗೆ ನೂರಕ್ಕೆ ಸುಮಾರು ಮೂರರಷ್ಟು ಮತ ಕಡಮೆಯಾಯಿತೆಂದೂ ವಾದಿಸಿದ್ದಾರೆ. ಮತದಾರರ ವಿವೇಚನೆಯ ಮಿತಿಯನ್ನು ತೋರುವ ಅವರ ಗ್ರಂಥವು ಆದರಣೀಯವೇ ಸರಿ. ಆದರೆ ೨೦೧೮ರಲ್ಲಿ ಆಂಥನಿ ಫೌಲರ್ ಮತ್ತು ಆಂಡ್ರ್ಯೂ ಹಾಲ್ ಅವರು ಅಮೆರಿಕದ ಮಾರಕ ಶಾರ್ಕ್ ದಾಳಿಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ, ಇಂತಹ ದಾಳಿಗಳು ಅಧ್ಯಕ್ಷರ ಚುನಾವಣೆಯನ್ನು ಬಾಧಿಸುತ್ತವೆ ಎನ್ನಲು ಆಧಾರವು ಅತ್ಯಲ್ಪವೆಂದು ತೋರಿಸಿದರು. ಲೆಕ್ಕದ ಕ್ರಮವನ್ನು ತುಸು ಬದಲಿಸಿದರೆ ೧೯೧೬ರ ಫಲಿತಾಂಶವೂ ಸಡಿಲವಾಗುತ್ತದೆ. ಜನರ ಅವಿಚಾರಕ್ಕೆ ನಿದರ್ಶನವನ್ನು ಹುಡುಕಹೊರಟವರಿಗೆ ಒಂದು ಸೊಗಸಾದ ಕಥೆಯು ದೊರೆತುದೇ ಅವರ ಎಚ್ಚರವನ್ನು ಕುಗ್ಗಿಸಿತೆಂದು ನಾವು ಊಹಿಸುತ್ತೇವೆ.

ಇಂದು ಶಾರ್ಕ್ ಮತ್ತು ಮನುಷ್ಯರ ಲೆಕ್ಕವು ತಲೆಕೆಳಗಾಗಿದೆ. ಜಗತ್ತಿನಲ್ಲೆಲ್ಲ ಕೆಣಕದೆಯೇ ನಡೆಯುವ ಶಾರ್ಕ್ ದಾಳಿಗಳಿಂದ ಸಾಯುವವರ ಸಂಖ್ಯೆಯು ಸಾಧಾರಣವಾಗಿ ವರ್ಷಕ್ಕೆ ಹತ್ತನ್ನು ಮುಟ್ಟುವುದಿಲ್ಲ. ಮನುಷ್ಯರಿಂದ ಸಾಯುವ ಶಾರ್ಕುಗಳಾದರೋ, ೨೦೧೩ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ, ವರ್ಷಕ್ಕೆ ಸುಮಾರು ೧೦ ಕೋಟಿ. ಹೀಗಿರುವುದರಿಂದ ಶಾರ್ಕನ್ನು ಕುರಿತ ಭಯವನ್ನು ಹೋಗಲಾಡಿಸಬೇಕೆಂಬ ಇಂದಿನವರ ಆಶಯವು ಸ್ತುತ್ಯವಾದುದು. ಆದರೆ ಆ ಆಶಯಕ್ಕಾಗಿ ‘ಅಪಾಯವೇ ಇಲ್ಲ’ ಎಂಬ ಹಳೆಯ ಸಿದ್ಧಾಂತಕ್ಕೆ ಮರಳುವುದು ಸಲ್ಲದು. ವಿರಳವಾದುದು ಅಸಂಭವವಲ್ಲ; ಒಮ್ಮೆ ನಡೆದುದು ನಿಯಮವೂ ಅಲ್ಲ. ತರಗತಿಯಲ್ಲಿ ಈ ಪ್ರಕರಣವನ್ನು ಬೋಧಿಸುವವರು ದಿಗಿಲಿನ ವರ್ಣನೆಯನ್ನು ಕಡಮೆಮಾಡಿ, ಮಟವಾನಿನ ಕಪ್ತಾನನ ಮಾತನ್ನು ಊರವರು ಏಕೆ ನಂಬಲಿಲ್ಲವೆಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಟ್ಟರೆ, ಪ್ರಮಾಣವಿಚಾರಕ್ಕೆ ಅದಕ್ಕಿಂತ ಮೇಲಾದ ಪಾಠವು ಬೇಕಾಗದು.